ಬೋರಮ್ಮ ಎತ್ತಿದ ಮೂಲೆ

ನಾನು ಗಾರೆ ಕೆಲಸದವರ ತೂಗುಗುಂಡು. ಹಿರಿಯೂರಿನಲ್ಲಿ ಹಿತ್ತಾಳೆ ಎರಕ ಹೊಯ್ಯುವವನೊಬ್ಬ ತೂತು ಬಿದ್ದ ಚೊಂಬು, ಮುರಿದ ನಲ್ಲಿಗಳನ್ನು ಕರಗಿಸಿ ನನ್ನನ್ನು ಮಾಡಿದ. ಬುಗುರಿಯಂಥ ಮೈ, ಚೂಪು ಮೂತಿ, ನೆತ್ತಿಯಲ್ಲಿ ದಾರಕ್ಕೊಂದು ತೂತು. ನನ್ನ ಕೆಲಸ ಒಂದೇ: ನೇರ ಇಳಿದು ನಿಲ್ಲುವುದು. ಗೋಡೆ ನೆಟ್ಟಗಿದೆಯೋ ವಾಲಿದೆಯೋ ಆಗ ತಾನಾಗಿ ತಿಳಿಯುತ್ತದೆ.

ನನ್ನನ್ನು ಕೊಂಡವನು ಪಾತಲಿಂಗಪ್ಪ ಮೇಸ್ತ್ರಿ. ಅವನ ಚೀಲದಲ್ಲಿ ಗಾರೆ ಬಳಿಯುವ ಕರಣೆಯ ಜೊತೆ ಇಪ್ಪತ್ತು ವರ್ಷ ಊರೂರು ತಿರುಗಿದೆ. ದಾರದ ತುದಿಯಲ್ಲಿ ನೇತಾಡುವ ನನಗೆ ಮನುಷ್ಯರ ಮುಖಕ್ಕಿಂತ ಪಾದ ಮತ್ತು ಮಾತು ಹೆಚ್ಚು ಪರಿಚಯ. ಗಾರೆಯವರು ಎದುರಾದರೆ ಊಟ ಆಯಿತೇ ಎಂದು ಕೇಳುವುದಿಲ್ಲ, "ಎಷ್ಟು ವರಸೆ ಬಂತಪ್ಪಾ?" ಎನ್ನುತ್ತಾರೆ. ಇಟ್ಟಿಗೆ ಎಷ್ಟು ಸಾಲು ಏರಿತು ಎಂದರ್ಥ. ಮದುವೆ ಪಂಕ್ತಿಯಲ್ಲಿ ಕೂತರೂ ಅದೇ ಮಾತು. ಉತ್ತರವೂ ಸಿದ್ಧ: "ಆರು. ಏನ್ ಇಟ್ಟಿಗೆನೋ ಮಾರಾಯ, ಮುಟ್ಟಿದ್ರೆ ಉದುರ್ತವೆ." ಸಾಮಾನನ್ನು ಬೈಯದವನು ಗಾರೆಯವನೇ ಅಲ್ಲ. ಯಾರದಾದರೂ ಹೆಂಡತಿ ಮುನಿಸಿಕೊಂಡರೆ "ಏಳು ದಿನ ಬಿಡದೆ ನೀರು ಹೊಡಿ, ಗಟ್ಟಿಯಾಗ್ತದೆ" ಎಂದು ಹೊಸ ಗೋಡೆಗೆ ಹೇಳುವ ಸಲಹೆಯೇ.

ಅವರ ಜೊತೆ ಒಂಬತ್ತು ವರ್ಷದಿಂದ ಗಾರೆ ಕಲಸಿ ಬಾಣಲಿಯಲ್ಲಿ ಹೊರುತ್ತಿದ್ದವಳು ಬೋರಮ್ಮ. ಎಲ್ಲರೂ ಬುತ್ತಿಗೆ ಕೂತಾಗ ಅವಳು ಉಳಿದ ಗಾರೆಯಲ್ಲಿ ನಾಲ್ಕು ಇಟ್ಟಿಗೆ ಕೂರಿಸಿ, ನನ್ನನ್ನು ಇಳಿಬಿಟ್ಟು ನೋಡಿ, ಮತ್ತೆ ಕಿತ್ತಿಡುತ್ತಿದ್ದಳು. ಅವಳನ್ನು ಯಾರೂ ವರಸೆ ಕೇಳುತ್ತಿರಲಿಲ್ಲ. "ಕಲಸಿದ್ಯಾ?" ಅಷ್ಟೇ. ಗೋಡೆ ಕಟ್ಟಬೇಕು, ಕಟ್ಟುವವರ ಮಾತಿನಲ್ಲಿ ತಾನೂ ಕೂರಬೇಕು ಎಂಬುದೇ ಅವಳ ಆಸೆ.

ಮರಡಿ ಗುಡ್ಡದ ಮೇಲೆ ಅಂಗನವಾಡಿ ಕಟ್ಟುವಾಗ ಗಾಳಿಗೆ ನಾನು ಒಂದು ಗಳಿಗೆಯೂ ನಿಲ್ಲಲಿಲ್ಲ. ಓಬಳೇಶನೆಂಬ ಗಾರೆಯವನು ಅಂದಾಜಿನಲ್ಲೇ ಎತ್ತಿದ ಮೂಲೆ ವಾಲಿತು. ಮೇಸ್ತ್ರಿ ಕೆಡವಿಸಿದ. ಆಗ ಬೋರಮ್ಮ ಬಾಯಿಬಿಟ್ಟಳು:

"ಮೇಸ್ತ್ರಿ, ಆ ಮೂಲೆ ನಂಗೆ ಬಿಡಿ."

"ಹಂಗಾರೆ ನಾಳೆಯಿಂದ ನಾನು ಬಾಣಲಿ ಹೊರ್ತೀನಿ ಬಿಡಕ್ಕಾ" ಎಂದು ಓಬಳೇಶ ನಕ್ಕ.

ಮೇಸ್ತ್ರಿ ನಗಲಿಲ್ಲ. "ಕಟ್ಟು. ಸೊಟ್ಟ ಆದ್ರೆ ಕೆಡವ್ತೀನಿ, ಮತ್ತೆ ಕೇಳಂಗಿಲ್ಲ."

ಅವಳು ಒಂದು ಬಕೆಟ್ ನೀರು ತಂದು ಗೋಡೆಯ ಬುಡದಲ್ಲಿಟ್ಟು, ನನ್ನನ್ನು ಅದರೊಳಗೆ ಮುಳುಗಿಸಿದಳು.

"ತೂಗುಗುಂಡಿಗೆ ಸ್ನಾನ ಮಾಡಿಸ್ತೀಯೇನಕ್ಕಾ?" ಎಂದ ಓಬಳೇಶ.

ಅವಳು ದಾರದ ಮೇಲೇ ಕಣ್ಣಿಟ್ಟಳು. ನೀರು ನನ್ನನ್ನು ತಬ್ಬಿ ಹಿಡಿಯಿತು, ದಾರ ಕಡ್ಡಿಯಂತೆ ನಿಂತಿತು.

ಸಂಜೆ ಮೇಸ್ತ್ರಿ ಬಂದು ತಾನೇ ನನ್ನನ್ನು ನೀರಿಗಿಳಿಸಿ ನೋಡಿದ. ದಾರಕ್ಕೂ ಗೋಡೆಗೂ ನಡುವಿನ ಸಂದು ಮೇಲೂ ಕೆಳಗೂ ಒಂದೇ. ಅವನು ಹೋಗಿ ಟೀ ಲೋಟ ಹಿಡಿದು ಕೂತ. ಆಮೇಲೆ ಅಲ್ಲಿಂದಲೇ ಕೂಗಿದ:

"ಬೋರಮ್ಮಾ, ಎಷ್ಟು ವರಸೆ ಬಂತವ್ವಾ?"

ಕರಣೆ ತೊಳೆಯುತ್ತಿದ್ದ ಅವಳ ಕೈ ನಿಂತಿತು. ಆದರೂ ತಿರುಗಿ ನೋಡದೆ ಹೇಳಿದಳು: "ಹನ್ನೊಂದು. ಮರಳು ಸರಿ ಇಲ್ಲ ಮೇಸ್ತ್ರಿ, ಬರೀ ಮಣ್ಣು."

"ಅಯ್ಯೋ, ಸಾಮಾನು ಬೈತಾಳಪ್ಪೋ! ಇನ್ನು ಇವಳನ್ನ ಹಿಡಿಯೋರಿಲ್ಲ!" ಎಂದ ಓಬಳೇಶ, ತಾನು ಕೂತಿದ್ದ ಇಟ್ಟಿಗೆ ಸಾಲಿನ ಮೇಲೆ ಸರಿದು ಅವಳಿಗೆ ಜಾಗ ಬಿಟ್ಟ.

ಕೈ ನಡುಗತೊಡಗಿದ ವರ್ಷ ಮೇಸ್ತ್ರಿ ನನ್ನನ್ನು ಬೋರಮ್ಮನಿಗೇ ಕೊಟ್ಟ. ಎಷ್ಟೋ ಮನೆ ಎತ್ತಿದೆವು. ಈಗ ಗೋಡೆಯ ಮೇಲೆ ಕೆಂಪು ಬೆಳಕಿನ ನೇರ ಗೆರೆ ಬಿಡುವ ಯಂತ್ರ ಬಂದಿದೆ. ನಾನು ಅವಳ ಮನೆಯ ಗೂಡಿನಲ್ಲಿ ದಾರ ಸುತ್ತಿಕೊಂಡು ಕೂತಿದ್ದೇನೆ. ಮೂತಿ ಸವೆದಿದೆ, ಬೇಸರವಿಲ್ಲ. ನೂರಾರು ಗೋಡೆ ನೋಡಿದ್ದೇನೆ, ನನ್ನದೆಂದು ಹೇಳಿಕೊಳ್ಳುವುದು ಆ ಒಂದು ಮೂಲೆಯನ್ನು. ಮರಡಿಯ ಗಾಳಿ ಜೋರಾದಾಗ ಅಂಗನವಾಡಿಯ ಮಕ್ಕಳು ಅದರ ಮರೆಯಲ್ಲೇ ಒತ್ತಾಗಿ ಕೂತು ಉಪ್ಪಿಟ್ಟು ತಿನ್ನುತ್ತಾರಂತೆ.