ಎದುರಾಳಿಯ ಸಹಿ

ನಾದಿನಿ ನನ್ನ ಕಚೇರಿಗೇ ಕೆಲಸಕ್ಕೆ ಸೇರಿದ ದಿನ ಎಲ್ಲರಿಗಿಂತ ಹೆಚ್ಚು ಸಂಭ್ರಮಪಟ್ಟವಳು ನಾನೇ. ಆಗ ನನಗೆ ಬುದ್ಧಿ ಇರಲಿಲ್ಲ. ಆರು ವರ್ಷದಲ್ಲಿ ಅವಳು ಬಾಗಿಲ ಬಳಿಯ ಮೇಜಿನಿಂದ ಕಿಟಕಿ ಪಕ್ಕದ ಮೇಜಿಗೆ ಹೋದಳು. ಹದಿನಾಲ್ಕು ವರ್ಷ ದುಡಿದರೂ ನನಗೆ ಇನ್ನೂ ಗೋಡೆಯೇ ಗತಿ.

ನಮ್ಮ ಕೆಲಸ ಕಂದು ಕುಬ್ಜಗಳದ್ದು. ನಕ್ಷತ್ರವಾಗಲು ತೂಕ ಸಾಲದೆ, ಗ್ರಹ ಎನ್ನಲು ತೂಕ ಹೆಚ್ಚಾಗಿ ನಡುವೆ ಸಿಕ್ಕಿಕೊಂಡ ಕಾಯಗಳವು. ಹುಟ್ಟಿದಾಗಿನ ಬಿಸಿಯನ್ನೇ ಖರ್ಚುಮಾಡುತ್ತ ಆರಿ ಹೋಗುತ್ತವೆ. ಅವುಗಳಿಂದ ಬರುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಯಾವ ಬಣ್ಣ ಎಷ್ಟು ಕಡಿಮೆ ಬಿದ್ದಿದೆ ನೋಡಿ, ಅದನ್ನು ನುಂಗಿದ್ದು ಯಾವ ಅನಿಲ, ತಡೆದದ್ದು ಯಾವ ಮೋಡ ಎಂದು ಹೇಳುತ್ತೇವೆ. ಅದಕ್ಕೆ ಪಟ್ಟಿಗಳು ಬೇಕು: ಇಂಥ ಅನಿಲ ಇಷ್ಟು ಬಿಸಿಯಲ್ಲಿ ಇಂಥ ಬಣ್ಣವನ್ನು ಇಷ್ಟು ನುಂಗುತ್ತದೆ ಎಂಬ ಪಟ್ಟಿಗಳು.

ನಾದಿನಿ ಒಂದು ಕಂದು ಕುಬ್ಜದಲ್ಲಿ ಹೊಸ ಮೋಡ ಕಂಡುಹಿಡಿದಳು. ಪಟ್ಟಿಯ ಅನಿಲಗಳೆಲ್ಲ ನುಂಗಿದ ಮೇಲೂ ಒಂದಷ್ಟು ಬೆಳಕು ಲೆಕ್ಕಕ್ಕೆ ಸಿಗದೆ ಕಾಣೆಯಾಗಿತ್ತು. ಯಾರೂ ಕಂಡಿರದ ದೂಳಿನ ಮೋಡವೇ ಅದನ್ನು ತಡೆದಿದೆ ಎಂದಳು. ಮುಖ್ಯಸ್ಥರು ಹಿಗ್ಗಿ ಹೀರೇಕಾಯಿಯಾದರು. ನಮ್ಮ ತಂಡದ ಮುಂದಾಳಿನ ಜಾಗ ಖಾಲಿಯಿತ್ತು, ಅದು ನನ್ನದೇ ಎಂದು ಎರಡು ವರ್ಷದಿಂದ ಕಾದಿದ್ದೆ. ಈ ಪ್ರಬಂಧ ಹೊರಬಿದ್ದರೆ ಜಾಗ ಅವಳದು ಎಂಬುದು ಬಾಗಿಲು ಕಾಯುವವರಿಗೂ ಗೊತ್ತಿತ್ತು. ಮನೆಯಲ್ಲಿ ಅತ್ತೆ ತಮ್ಮ ಮಗಳ ಮೋಡದ ಸುದ್ದಿಯನ್ನು ಫೋನಿನಲ್ಲಿ ನೆಂಟರಿಗೆಲ್ಲ ಹಂಚುತ್ತಿದ್ದರು. ನನ್ನ ಗಂಡನೋ, ತಂಗಿಯನ್ನು ಹೊಗಳುವ ಭರದಲ್ಲಿ ಹೆಂಡತಿಯ ಮುಖ ನೋಡುವುದನ್ನೇ ಮರೆತ. ಸುಳ್ಳೇಕೆ ಹೇಳಲಿ, ಹೊಟ್ಟೆ ಧಗಧಗ ಉರಿಯಿತು.

ನಮ್ಮಲ್ಲೊಂದು ಪದ್ಧತಿ ಇದೆ. ಪ್ರಬಂಧ ಹೊರಗೆ ಹೋಗುವ ಮೊದಲು ಒಬ್ಬರು ಅದಕ್ಕೆ ಎದುರಾಳಿಯಾಗಿ ಕೂತು ತಪ್ಪು ಹುಡುಕಬೇಕು. ಸಿಗದಿದ್ದರೆ ಮೊದಲ ಹಾಳೆಯ ಮೇಲೆ ಸಹಿ ಹಾಕಿ ಗಂಟೆ ಬರೆಯಬೇಕು. ಎದುರಾಳಿ ಯಾರೆಂಬುದು ಬರೆದವರ ಆಯ್ಕೆ. ಹೆಚ್ಚಿನವರು ಗೊಣಗಪ್ಪನ ಬಳಿ ಹೋಗುತ್ತಾರೆ. ನಿವೃತ್ತಿಗೆ ಒಂದು ವರ್ಷ ಬಾಕಿಯಿರುವ ಆ ಸಹೋದ್ಯೋಗಿಗೆ ಬಾಯಿ ಜೋರು, ಕಣ್ಣು ಮಂದ. ನಾದಿನಿ ನನ್ನನ್ನು ಆರಿಸಿದಳು.

ಬೆಳಗಿನಿಂದ ಓದಿದೆ. ಹನ್ನೊಂದನೇ ಪುಟದ ಚಿತ್ರದಲ್ಲಿ ಮೀಥೇನ್ ಅನಿಲದ ಗೆರೆಗಳಿದ್ದವು, ಒಂದೊಂದು ಬಿಸಿಗೆ ಒಂದೊಂದು. ಏಳು ಇರಬೇಕಿತ್ತು, ಎಣಿಸಿದರೆ ನಾಲ್ಕೇ. ಕೊನೆಯದು ಮಾತ್ರ ಕೊಂಚ ದಪ್ಪ. ದೊಡ್ಡದು ಮಾಡಿ ನೋಡಿದರೆ ನಾಲ್ಕು ಗೆರೆ ಒಂದರ ಮೇಲೊಂದು ಕೂತಿದ್ದವು. ಸಾವಿರ ಡಿಗ್ರಿಯ ಅಂಕಿಗಳೇ ಸಾವಿರದ ನೂರಕ್ಕೂ, ಇನ್ನೂರಕ್ಕೂ, ಮುನ್ನೂರಕ್ಕೂ ಇದ್ದವು. ಆದರೆ ಬಿಸಿಯೇರಿದಂತೆ ಮೀಥೇನ್ ಹೊಸ ಹೊಸ ಬಣ್ಣಗಳಿಗೂ ಬಾಯಿ ಹಾಕುತ್ತದೆ. ಕಾಣೆಯಾದ ಬೆಳಕನ್ನು ನುಂಗಿದ್ದು ಅದೇ. ಮೋಡವೂ ಇಲ್ಲ, ದೂಳೂ ಇಲ್ಲ.

ನನಗೆ ಖುಷಿಯಾಯಿತು. ಹೋಗಿ ಹೇಳಿದರೆ ಒಂದು ವಾರ ಅತ್ತು ಸರಿಮಾಡಿಕೊಳ್ಳುತ್ತಾಳೆ. ಹೇಳದಿದ್ದರೆ ಹೊರಗಿನವರು ಹಿಡಿಯುತ್ತಾರೆ, ಊರೆಲ್ಲ ನಗುತ್ತದೆ, ಜಾಗ ನನ್ನ ಕಡೆ ತಿರುಗುತ್ತದೆ. ಎದುರಾಳಿಗೆ ಕಣ್ತಪ್ಪಿತು ಎಂದು ಯಾರೂ ನೇಣು ಹಾಕುವುದಿಲ್ಲ. ಮೂರು ಗಂಟೆ ಹತ್ತು ನಿಮಿಷಕ್ಕೆ ಸಹಿ ಹಾಕಿದೆ. ಕೈ ನಡುಗಲಿಲ್ಲ.

ಹಾಳೆ ಒಯ್ಯಲು ಅವಳೇ ಬಂದಳು. ಸಹಿ ನೋಡಿ, ಉಸಿರು ಬಿಟ್ಟು, ನನ್ನ ಪಕ್ಕದಲ್ಲಿ ಸ್ಟೂಲ್ ಎಳೆದು ಕೂತಳು.

"ಅತ್ತಿಗೆ, ಎಲ್ಲಾ ಪಟ್ಟಿನೂ ಎರಡೆರಡು ಸಲ ಪರೀಕ್ಷೆ ಮಾಡಿದೀನಿ. ಮೀಥೇನ್‌ದು ಒಂದು ಬಿಟ್ಟು."

"ಅದನ್ಯಾಕೆ ಬಿಟ್ಟೆ?"

"ಅದು ನಿಮ್ದಲ್ವಾ," ಎಂದಳು.

ಅವಳು ಹೋದ ಮೇಲೆ ಹಳೆಯ ಕಡತ ತೆರೆದೆ. ಹನ್ನೊಂದು ವರ್ಷದ ಹಿಂದಿನದು. ಹೆಚ್ಚಿನ ಬಿಸಿಯ ಅಳತೆಗಳು ಆಗ ಕೈಗೆ ಬಂದಿರಲಿಲ್ಲ. ಸಾವಿರದ ಸಾಲನ್ನೇ ಮೂರು ಸಲ ಕೆಳಗೆ ನಕಲು ಮಾಡಿ, ಪಕ್ಕದಲ್ಲಿ ನಾನೇ ಬರೆದಿದ್ದೆ: ಸದ್ಯಕ್ಕೆ ಇಷ್ಟು, ಸೋಮವಾರ ಸರಿಮಾಡಬೇಕು. ಆ ಸೋಮವಾರ ಬರಲೇ ಇಲ್ಲ. ನನ್ನ ಆರು ಪ್ರಬಂಧಗಳು ಅದೇ ಪಟ್ಟಿಯ ಮೇಲೆ ನಿಂತಿದ್ದವು.

ಮೊದಲು ಹೆದರಿದ್ದು ನನಗಾಗಿಯೇ, ಒಪ್ಪಿಕೊಳ್ಳುತ್ತೇನೆ. ಎಷ್ಟೋ ಹೊತ್ತಿನ ಮೇಲೆ ಅವಳ ಮಾತು ಚುಚ್ಚತೊಡಗಿತು. ಎದ್ದು ಕಿಟಕಿಯ ಮೇಜಿಗೆ ಹೋಗಿ, ನನ್ನ ಪಟ್ಟಿ ತಪ್ಪು, ಪ್ರಬಂಧ ಕಳಿಸಬೇಡ ಎಂದೆ. ಅವಳು ಹನ್ನೊಂದನೇ ಪುಟ ತೆಗೆದು ಬೆರಳಿಟ್ಟು ಗೆರೆ ಎಣಿಸಿದಳು. ಮುಖ ಸಣ್ಣದಾಯಿತು. ಆಮೇಲೆ ಮೊದಲ ಹಾಳೆಗೆ ಮರಳಿ ನನ್ನ ಸಹಿಯನ್ನೇ ನೋಡುತ್ತ ಕೂತಳು.

"ನಿಮಗೆ ಇದು ಯಾವಾಗ ಗೊತ್ತಾಯ್ತು, ಅತ್ತಿಗೆ?"

ಈಗಷ್ಟೇ ಎನ್ನಬಹುದಿತ್ತು. ಯಾವ ಸಾಕ್ಷಿಯೂ ಇರಲಿಲ್ಲ.

"ಸಹಿ ಹಾಕೋಕೆ ಮುಂಚೆ," ಎಂದೆ.

ಅವಳು ಜಗಳವಾಡಲಿಲ್ಲ. ಅಮ್ಮನಿಗಾಗಲಿ ಅಣ್ಣನಿಗಾಗಲಿ ಹೇಳಲಿಲ್ಲ. ಮನೆಯಲ್ಲಿ ಈಗಲೂ ಅತ್ತಿಗೆ ಎಂದೇ ಕರೆಯುತ್ತಾಳೆ. ಮೂರು ತಿಂಗಳು ಕೂತು ಆ ಪಟ್ಟಿಯನ್ನು ತಾನೇ ತುಂಬಿದಳು. ಮೋಡ ಹೋಯಿತು, ಪಟ್ಟಿಯೇ ಪ್ರಬಂಧವಾಯಿತು. ಮುಂದಾಳಿನ ಜಾಗ ಹೇಗೂ ಅವಳಿಗೇ ಸಿಕ್ಕಿತು. ಅಂದು ಹೊಟ್ಟೆ ಉರಿಯುತ್ತದೆ ಎಂದು ಕಾದೆ, ಅಷ್ಟೇನೂ ಉರಿಯಲಿಲ್ಲ.

ಮರುವಾರ ಅವಳ ಪಟ್ಟಿಯ ಪ್ರಬಂಧದ ಮೊದಲ ಹಾಳೆ ಪ್ರಿಂಟರ್ ಪಕ್ಕದಲ್ಲಿ ಬಿದ್ದಿತ್ತು. ಎತ್ತಿ ನೋಡಿದೆ. ಎದುರಾಳಿ ಎಂಬಲ್ಲಿ ಗೊಣಗಪ್ಪನ ಸಹಿ ಇತ್ತು. ಏಳು ಗೆರೆ ನೆಟ್ಟಗೆ ಎಣಿಸಲು ಬಾರದ ಆ ಮನುಷ್ಯನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಹಾಳೆ ಹಿಡಿದ ಕೈ ನಡುಗಿತು.