ಹಸಿರು ಬಳಿದ ವರ್ಷ

ಕೆಂಪು ಮುಗಿಯಿತು, ನೀಲಿ ಬಂತು.

ಅವನು ಕೆರೆಯುತ್ತಿದ್ದ ಕೈ ನಿಲ್ಲಿಸಿ ಕನ್ನಡಕವನ್ನು ತೋಳಿನಿಂದ ಒರೆಸಿಕೊಂಡ. ಅದು ಇನ್ನಷ್ಟು ಮಸುಕಾಯಿತು. ದಿಮ್ಮಿಗಳ ಮೇಲೆ ಕೂರಿಸಿದ್ದ ಫೈಬರ್ ದೋಣಿಯ ಹೊಟ್ಟೆ ಮೂಗಿನ ಮುಂದೆಯೇ ಇತ್ತು. ನೀರಿನಲ್ಲಿದ್ದಾಗ ಯಾರ ಕಣ್ಣಿಗೂ ಬೀಳದ ಭಾಗ. ಪಾಚಿ, ಚಿಪ್ಪು ಹತ್ತದಿರಲೆಂದು ಅಪ್ಪ ವರ್ಷಕ್ಕೊಮ್ಮೆ ಅದಕ್ಕೆ ವಿಷ ಬೆರೆತ ಬಣ್ಣ ಬಳಿಯುತ್ತಿದ್ದರು. ಹಳೆಯದನ್ನು ತೆಗೆಯುವ ಗೋಜಿಗೆ ಹೋಗದೆ, ಚೂರು ಉಜ್ಜಿ ಅದರ ಮೇಲೇ ಇನ್ನೊಂದು. ಒಂದು ಬಣ್ಣ ಹಿಡಿದರೆ ಎಷ್ಟೋ ವರ್ಷ ಅದೇ. ಈಗ ಅಪ್ಪ ಇಲ್ಲ. ಬಣ್ಣ ದಪ್ಪವಾಗಿ ತೊಗಟೆಯ ಹಾಗೆ ಏಳತೊಡಗಿತ್ತು.

"ಈ ಸಲ ಬುಡದವರೆಗೂ ತೆಗೀತಿದ್ದೀವಿ ಕಣೋ," ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು, ಅಷ್ಟೇ. ಮಾರನೆಯ ದಿನ ಮೊದಲ ರೈಲಿಗೆ ಬಂದಿಳಿದ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಇಷ್ಟು ಬೇಗ ಬಂದಿರಲಿಲ್ಲ. ಅಕ್ಕ ಅದನ್ನು ಎತ್ತಿ ಆಡಲಿಲ್ಲ. ಅವನ ವಿಷಯದಲ್ಲಿ ಅವಳು ಯಾವುದನ್ನೂ ಎತ್ತಿ ಆಡುವವಳಲ್ಲ.

ಅವನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಮನುಷ್ಯ. ಸಾಕ್ಷಿ ಇಲ್ಲದೆ ಏನನ್ನೂ ನಂಬುವವನಲ್ಲ. ಅವನಿಗೆ ಬೇಕಾಗಿದ್ದದ್ದು ಹಸಿರು.

ಕಾಲೇಜು ಸೇರುವ ಮುಂಚಿನ ಬೇಸಿಗೆಯಲ್ಲಿ ಅಪ್ಪ, "ಈ ಸಲ ನೀನೇ ಆರಿಸು" ಎಂದಿದ್ದರು. ಅವರು ಅಂಗಡಿಯ ಹೊರಗೆ ಯಾರೊಂದಿಗೋ ಮಾತಿಗೆ ನಿಂತಿದ್ದಾಗ ಇವನೇ ಒಳಗೆ ಹೋಗಿ ಹಸಿರು ಡಬ್ಬಿ ತಂದಿದ್ದ. ಇಬ್ಬರೂ ಸೇರಿ ಬಳಿದರು. ಮುಗಿದ ಮೇಲೆ ಅಪ್ಪ ಹಿಂದೆ ಸರಿದು ನೋಡಿ, ಅವನ ಬೆನ್ನ ಮೇಲೆ ಕೈಯಿಟ್ಟು, "ಭೇಷ್!" ಎಂದರು. ಅಪ್ಪನ ಬಾಯಿಂದ ಅವನಿಗೆ ಸಿಕ್ಕಿದ್ದು ಅದೊಂದೇ ಮೆಚ್ಚುಗೆ. ಹೆಂಡತಿಗೆ ಹೇಳಿದ್ದ, ಸಹೋದ್ಯೋಗಿಗಳಿಗೆ ಹೇಳಿದ್ದ, ಪಾಠದ ನಡುವೆ ವಿದ್ಯಾರ್ಥಿಗಳಿಗೂ ಹೇಳಿದ್ದ. ಇತ್ತೀಚೆಗೆ ಹೇಳುವಾಗ ತನಗೇ ನಂಬಿಕೆ ಬರುತ್ತಿರಲಿಲ್ಲ. ಒಮ್ಮೆ ಕಣ್ಣಾರೆ ನೋಡಿದರೆ ಸಾಕಿತ್ತು.

ಆಚೆ ಬದಿಯಲ್ಲಿ ಅಕ್ಕ ಕೆರೆಯುತ್ತಿದ್ದಳು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಎರಡೂ ಕೈಯಲ್ಲಿ ಅಲಗು ಹಿಡಿದು, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಒಂದೇ ಉಸಿರಿಗೆ ಎಳೆದರೆ, ಬಣ್ಣ ಉದ್ದಕ್ಕೆ ಸುರುಳಿಯಾಗಿ ಬೀಳುತ್ತಿತ್ತು. ಕೆಳಗಿನ ಬಿಳಿ ಮೈಗೆ ಒಂದು ಗೀರೂ ಇಲ್ಲ. ಮೂಲೆ ನಾಟಬಾರದೆಂದು ಕೆಲಸಕ್ಕೆ ತೆಗೆದ ಅಲಗುಗಳ ಮೂಲೆಗಳನ್ನು ಬೆಳಿಗ್ಗೆಯೇ ಅರದಿಂದ ಉಜ್ಜಿ ದುಂಡಗೆ ಮಾಡಿಟ್ಟಿದ್ದಳು. ಎಂಥ ಕೈ! ಅವನಿಗೆ ಕೆಲಸ ಬಿಟ್ಟು ಅವಳನ್ನೇ ನೋಡುತ್ತಾ ನಿಲ್ಲಬೇಕು ಅನಿಸುತ್ತಿತ್ತು. ನಿಂತೂ ನಿಂತಿದ್ದ.

"ರೀ, ನೀರು ಹಾಕಿ ಅಂದ್ರೆ ಸ್ನಾನ ಮಾಡಿಸ್ತಿದ್ದೀರಲ್ಲ! ಕಣ್ಣು ಎಲ್ಲಿಟ್ಟಿದ್ದೀರಿ?"

ಬೈಸಿಕೊಂಡದ್ದು ಭಾವ. ಪುಡಿ ಹಾರದಂತೆ ನೀರು ಚಿಮುಕಿಸುವುದು, ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಬಿದ್ದದ್ದನ್ನು ಬಾಚುವುದು ಅವರ ಪಾಲಿನ ಕೆಲಸ. "ನಿಮ್ಮಕ್ಕನ ಹತ್ರ ಹಲ್ಲು ಕೀಳಿಸ್ಕೊಳ್ಳೋರೇ ಪುಣ್ಯವಂತರು ಮಾರಾಯ. ಅವರಿಗೆ ಮೊದಲೇ ಮರಗಟ್ಟೋ ಸೂಜಿ ಚುಚ್ತಾಳೆ," ಎಂದು ನಕ್ಕರು. ಅಕ್ಕನೂ ನಕ್ಕಳು. ಅವನು ಸ್ವಲ್ಪ ತಡವಾಗಿ ನಕ್ಕ.

ನೀಲಿ ಹೋಯಿತು. ಕಪ್ಪು ಬಂತು. ಕಪ್ಪಿನ ಹಿಂದೆಯೇ ಹಸಿರು ಇರಬೇಕು. ಹಾಸ್ಟೆಲಿನಿಂದ ಮುಂದಿನ ವರ್ಷ ಬಂದಾಗ ದೋಣಿ ಕಪ್ಪಗಿತ್ತು. ಮೆಲ್ಲಗೆ ಕೆರೆದ.

ಕಂದು.

ಒಂದು ಮೊಳ ಸರಿದು ಕೆರೆದ. ಅಲ್ಲೂ ಕಂದು. ದೋಣಿಯ ಮೂತಿಯ ಬಳಿ ನೋಡಿದ, ಹಿಂಬದಿಯಲ್ಲಿ ನೋಡಿದ.

"ಅಕ್ಕಾ, ಕಪ್ಪಾದ ಮೇಲೆ ಏನು?"

"ಕಂದು."

"ಅದರ ನಡುವೆ?"

"ನಡುವೆ ಊಟ. ಹೋಗಿ ಕೈ ತೊಳ್ಕೋ."

ಊಟಕ್ಕೆ ನೆರಳಲ್ಲಿ ಕೂತಾಗ ಅವನು ಮತ್ತೆ ಕೇಳಿದ. ಅಕ್ಕ ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇದ್ದಳು. ಭಾವ ತುತ್ತು ನುಂಗಿ, "ಇವನಿಗೆ ನೀನು ಇನ್ನೂ ಹೇಳೇ ಇಲ್ವಾ?" ಎಂದುಬಿಟ್ಟರು.

"ಸುಮ್ನಿರ್ರೀ."

"ಏನು ಹೇಳಿಲ್ಲ?" ಎಂದ ಅವನು.

ಅಕ್ಕ ಮುಚ್ಚಳ ಕೆಳಗಿಟ್ಟಳು. "ನೀನು ತಂದಿದ್ದು ಗೇಟಿಗೆ ಬಳಿಯೋ ಬಣ್ಣ ಕಣೋ, ವಿಷ ಇಲ್ಲದ್ದು. ನೀನು ಹಾಸ್ಟೆಲಿಗೆ ಹೋದ ಸ್ವಲ್ಪ ದಿನಕ್ಕೇ ತಳದ ತುಂಬ ಚಿಪ್ಪು. ಅಪ್ಪ ದೋಣಿ ಮೇಲೆತ್ತಿಸಿ ಅದನ್ನಷ್ಟೂ ಒಬ್ಬರೇ ಕೆರೆದು ತೆಗೆದ್ರು. ಒಂದು ಚೂರೂ ಬಿಡಲಿಲ್ಲ. ಅಂಗೈಯೆಲ್ಲ ಬೊಬ್ಬೆ. ನಾನು ಬರ್ತೀನಿ ಅಂದ್ರೂ ಬಿಡಲಿಲ್ಲ."

"ನಾನು ಫೋನ್ ಮಾಡಿದಾಗೆಲ್ಲ ಹಸಿರು ಚೆನ್ನಾಗಿದೆ ಅಂತಿದ್ರಲ್ಲ."

"ನಿನಗೆ ಬೇಜಾರಾಗುತ್ತೆ ಅಂತ."

"ಡಬ್ಬಿ ಬಿಚ್ಚಿದಾಗಲೇ ಗೊತ್ತಾಗಿತ್ತಂತೆ ಮಾವನಿಗೆ," ಎಂದರು ಭಾವ. ಅವರ ದನಿಯಲ್ಲಿ ಅಪ್ಪಟ ಮೆಚ್ಚುಗೆ. "ಆದ್ರೂ ಜೊತೆಗೆ ನಿಂತು ಪೂರ್ತಿ ಬಳಿದ್ರಲ್ಲ, ಎಂಥ ಮನುಷ್ಯ! ನಮ್ಮ ಮದುವೆಯ ಹೊಸದರಲ್ಲಿ ನನಗೆ ಹೇಳಿದ್ರು."

ಎಂಥ ಮನುಷ್ಯ. ಅವನಿಗೂ ಹಾಗೇ ಅನಿಸಿತು. ಗೊತ್ತಿದ್ದೂ ಬಳಿದ ಕೈ, ಗೊತ್ತಾಗದಂತೆ ಕೆರೆದ ಕೈ. ಅಂಥ ಅಪ್ಪ ಬೇರೆ ಯಾರಿಗಾದರೂ ಇದ್ದಿದ್ದರೆ ಅವನು ತಲೆಬಾಗಿ ಕೈಮುಗಿಯುತ್ತಿದ್ದ. ಆದರೆ ಆ "ಭೇಷ್" ಯಾರಿಗೆ ಹೇಳಿದ್ದು? ಭಾವನಿಗೆ ಒಂದೇ ಒಂದು ದಿನವೂ ಅಪ್ಪ ಭೇಷ್ ಅಂದಿರಲಾರರು. ಆದರೆ ಅವರಿಗೆ ನಿಜ ಹೇಳಿದ್ದರು.

ಊಟವಾದ ಮೇಲೆ ಅವನು ಚೀಲದಿಂದ ಹೊಸದೊಂದು ಅಲಗು ತೆಗೆದುಕೊಂಡು ದೋಣಿಯ ಅಡಿಗೆ ತೂರಿಕೊಂಡ. ತಳದ ಕಟ್ಟಕಡೆಯ ಸಂದಿಗೆ ಅಪ್ಪನ ಕೈ ಹೋಗಿರಲಾರದು. ಒಂದು ಉಗುರಿನಷ್ಟು ಸಿಕ್ಕರೂ ಸಾಕು. ಕೆರೆದ. ಕಪ್ಪು, ಕಂದು, ಬಿಳಿ. ಅಪ್ಪ ಅಲ್ಲಿಗೂ ಹೋಗಿದ್ದರು. ಎಷ್ಟು ಅಚ್ಚುಕಟ್ಟು! ಹಲ್ಲು ಕಚ್ಚಿ ಇನ್ನೂ ಒತ್ತಿದ. ಅರ ಮುಟ್ಟಿಸದ ಮೂಲೆ ಬಿಳಿಯನ್ನು ಸೀಳಿಕೊಂಡು ಒಳಗಿಳಿಯಿತು. ಒಳಗೆ ಫೈಬರಿನ ಗಾಜಿನ ಎಳೆಗಳು ನರೆಗೂದಲಿನಂತೆ ಹೊಳೆದವು. ದೋಣಿಯ ಮೈಯೇ ಕಿತ್ತುಬಂದಿತ್ತು.

ಅಕ್ಕ ಬಗ್ಗಿ ನೋಡಿದಳು. ಅವಳ ಬಾಯಿ ತೆರೆಯಿತು. ಭಾವ ಹೀಗೆ ಮಾಡಿದ್ದರೆ ಬೈಗುಳಕ್ಕೆ ಅಂಗಳವೇ ಹಾರಿಹೋಗುತ್ತಿತ್ತು. ಆಮೇಲೆ ಆ ಬಾಯಿ ಮುಚ್ಚಿಕೊಂಡಿತು.

"ಪರವಾಗಿಲ್ಲ ಬಿಡು," ಎಂದಳು ಮೆತ್ತಗೆ.

"ಬೈಯಿ ಅಕ್ಕಾ."

"ಯಾಕೋ? ತುಂಬಿದ್ರೆ ಆಯ್ತಪ್ಪ."

"ಒಂದು ಸಲ ಬೈಯೇ."

ಅಕ್ಕ ಅವನ ಮುಖ ನೋಡಿದಳು. ರೋಗಿಗಳನ್ನು ನೋಡುವ ನೋಟ. "ಸುಸ್ತಾಗಿದ್ದೀಯ. ಹೋಗಿ ನೀರು ಕುಡಿ."

ಅವನು ಕದಲಲಿಲ್ಲ. ಅವಳು ತೂತು ತುಂಬುವ ಪುಟ್ಟಿಯ ಎರಡು ಡಬ್ಬಿ ತಂದಳು. ಒಂದರಿಂದ ಹಳದಿ ಮುದ್ದೆ, ಇನ್ನೊಂದರಿಂದ ನೀಲಿ ಮುದ್ದೆ ತೆಗೆದು ಹಲಗೆಯ ಮೇಲಿಟ್ಟು ಕಲಸಿದಳು. ಎರಡೂ ಒಂದಾಗುವವರೆಗೆ, ಒಂದು ಗೆರೆಯೂ ಉಳಿಯದ ಹಾಗೆ. ಅಡಿಗೆ ನುಸುಳಿ, ಹಲ್ಲಿನ ತೂತಿಗೆ ತುಂಬುವ ಹಾಗೆ ಗಾಯಕ್ಕೆ ಒತ್ತಿ, ಅಂಚು ನಯವಾಗಿ ಎಳೆದಳು. ಅವಳು ಹೊರಗೆ ಬಂದಾಗ ಬೆರಳಿಗೆಲ್ಲ ಅದೇ ಮೆತ್ತಿಕೊಂಡಿತ್ತು.

"ಗಟ್ಟಿಯಾಗ್ಲಿ. ನಾಳೆ ಉಜ್ಜಿ, ಸಮ ಮಾಡಿ, ಮೇಲೆ ಕಪ್ಪು ಹೊಡೆದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ. ನೋಡು, ಚೆನ್ನಾಗಿದೆಯಾ?"

ಅವನು ಬಗ್ಗಿ ನೋಡಿದ. ಬಿಳಿ ಹೊಟ್ಟೆಯ ಮೇಲೆ ಅಂಗೈಯಗಲದ ಹಸಿರು.

"ಭೇಷ್," ಎಂದ.

ಅಕ್ಕ ಚಿಂದಿಬಟ್ಟೆಯಿಂದ ಬೆರಳುಗಳನ್ನು ಒರೆಸಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. ದೋಣಿಯ ಅಡಿಯಲ್ಲಿ ಹಸಿರು ನಿಧಾನವಾಗಿ ಒಣಗುತ್ತಿತ್ತು.