ಎರಡನೆಯ ಬ್ರೇಕು

ಶವವನ್ನು ವ್ಯಾನಿಗೆ ಏರಿಸುತ್ತಿದ್ದಾಗ ಪ್ರೊಫೆಸರಮ್ಮನ ವಿದ್ಯಾರ್ಥಿನಿಯೊಬ್ಬಳು ಗೆಳತಿಯ ಕಿವಿಯಲ್ಲಿ ಉಸುರಿದಳು: "ಟ್ಯೂಬ್‌ಲೈಟ್ ಅಂಕಲ್ ಅಂದ್ರೆ ಇವರೇನಾ?"

ಗೆಳತಿ ಮೊಣಕೈಯಿಂದ ತಿವಿದಳು. ಆದರೂ ಮಾತು ಪ್ರೊಫೆಸರಮ್ಮನ ಕಿವಿಗೆ ಬಿದ್ದೇಬಿಟ್ಟಿತು. ಆ ಹೆಸರನ್ನು ಊರಿಗೆಲ್ಲ ಹಂಚಿದವಳು ತಾನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡನಿಗಾಗಿ ಅಳಬೇಕಾದ ಹೊತ್ತಿನಲ್ಲಿ ಅವಳು ನಾಚಿಕೆಯಿಂದ ಮುಖ ಎತ್ತಲಾರದೆ ನಿಂತಿದ್ದಳು.

ತೀರಿಕೊಂಡವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅಂಗಳದ ತುಂಬ ಅವರಲ್ಲಿ ಕಲಿತವರೇ.

"ನಾನು ಸ್ಟೇರಿಂಗ್ ಹಿಡಿದ್ರೆ ಗಾಡಿ ಹಾವು ಹರಿದ ಹಾಗೆ ಹೋಗ್ತಿತ್ತು," ಎಂದಳು ನರ್ಸೊಬ್ಬಳು. "ಅವರ ಕಾಲ ಹತ್ರಾನೂ ಒಂದು ಬ್ರೇಕ್ ಇತ್ತಲ್ಲ, ಒತ್ತಿಬಿಡಬಹುದಿತ್ತು. ಒತ್ತಲಿಲ್ಲ. 'ತಾನೇ ಸರಿಹೋಗುತ್ತೆ, ನೋಡಮ್ಮ' ಅಂತಿದ್ರು."

"ನನ್ನ ಪಾಠದಲ್ಲಿ ಒಂದೇ ಸಲ ಒತ್ತಿದ್ದು," ಎಂದ ತರಕಾರಿಯವನು. "ಮಗು ಅಡ್ಡ ಓಡಿಬಂತು. ನಾನಿನ್ನೂ ನೋಡೇ ಇರ್ಲಿಲ್ಲ."

*

ಆ ಹೆಸರು ಹುಟ್ಟಿದ ಕಾಲೇಜಿನ ಉಪನ್ಯಾಸದ ದಿನ ಪ್ರೊಜೆಕ್ಟರ್ ಹೊತ್ತು ತಂದವರೂ ಮೇಷ್ಟ್ರೇ. ಹಿಂದಿನ ಸಾಲಿನಲ್ಲಿ ಕೂತಿದ್ದರು.

"ಜೀವಕೋಶದ ಬಾಗಿಲಲ್ಲಿ ಸದಾ ಗದ್ದಲ," ಎಂದಿದ್ದಳು ಪ್ರೊಫೆಸರಮ್ಮ. "ಸುದ್ದಿ ತಂದ ಅಣುವೂ ತಟ್ಟುತ್ತೆ, ದಾರಿ ತಪ್ಪಿ ಬಂದದ್ದೂ ತಟ್ಟುತ್ತೆ. ಕೆಲವು ಕೋಶ ತಟ್ಟಿದ ತಕ್ಷಣ ಎದ್ದು ಓಡುತ್ತೆ. ಕೆಲವು ನಮ್ಮೆಜಮಾನ್ರ ಥರ, ಟ್ಯೂಬ್‌ಲೈಟು! ಸೋಮವಾರ ಜೋಕ್ ಹೇಳಿದ್ರೆ ಬುಧವಾರ ನಗ್ತಾರೆ."

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ನಿಲ್ಲಿಸಿದ ಮೇಲೆ ಅವರೊಬ್ಬರೇ ನಕ್ಕರು. ಸಭೆ ಮತ್ತೊಮ್ಮೆ ನಕ್ಕಿತು. ಆಮೇಲೆ ಆ ಜೋಕಿಲ್ಲದೆ ಅವಳ ಉಪನ್ಯಾಸವೇ ಇರಲಿಲ್ಲ.

ಮನೆಗೆ ಬರುವಾಗ ಅವರು ಕೇಳಿದ್ದರು: "ಅಲ್ಲ ಕಣೇ, ಆ ನಿಧಾನದ ಕೋಶ ಯಾಕೆ ಕಾಯುತ್ತೆ?"

"ಇನ್ನೊಂದೆರಡು ಸಲ ತಟ್ಟಲಿ, ನಿಜಾನಾ ನೋಡೋಣ ಅಂತ. ಅದು ಮೋಸಹೋಗೋದು ಕಡಿಮೆ."

"ಅದನ್ನ ಅಲ್ಲಿ ಹೇಳ್ಲೇ ಇಲ್ಲ?"

"ಟೈಮ್ ಸಾಲ್ಲಿಲ್ಲ ಕಣ್ರೀ."

ಮುಂದೆಯೂ ಯಾವತ್ತೂ ಸಾಲಲಿಲ್ಲ.

*

ವ್ಯಾನು ಹೊರಟಿತು. ಅದರ ಹಿಂದೆ ಹೋಗಲು ಇದ್ದದ್ದು ಡ್ರೈವಿಂಗ್ ಸ್ಕೂಲಿನ ಕಾರೇ. ನರ್ಸು ಸ್ಟೇರಿಂಗ್ ಹಿಡಿದಳು. ಪ್ರೊಫೆಸರಮ್ಮ ಪಕ್ಕದಲ್ಲಿ, ಗಂಡನ ಜಾಗದಲ್ಲಿ ಕೂತಳು. ಅತ್ತು ಕಣ್ಣು ಮಂಜಾಗಿದ್ದ ನರ್ಸಿನ ಕೈಯಲ್ಲಿ ಕಾರು ಗೇಟಿನ ಬಳಿ ಒಮ್ಮೆ ಓಲಾಡಿತು. ಪ್ರೊಫೆಸರಮ್ಮನ ಕಾಲು ತಟ್ಟನೆ ಎರಡನೆಯ ಬ್ರೇಕನ್ನು ತುಳಿಯಿತು. ಕಾರು ಜಗ್ಗಿ ನಿಂತು ಇಂಜಿನ್ ಆಫ್ ಆಯಿತು.

"ಸರಿಹೋಗ್ತಿತ್ತು ಮೇಡಂ," ಎಂದಳು ನರ್ಸು ಮೆಲ್ಲಗೆ.

ಪ್ರೊಫೆಸರಮ್ಮ ತಲೆ ತಗ್ಗಿಸಿದಳು. ಬ್ರೇಕಿನ ರಬ್ಬರು ಇನ್ನೂ ಹೊಸದರ ಹಾಗೆ ಗೆರೆಗೆರೆಯಾಗಿತ್ತು. ಅದರ ಕೆಳಗೆ, ಅವರು ಹಿಮ್ಮಡಿ ಊರಿ ಕಾಯುತ್ತಿದ್ದ ಕಡೆ, ಮ್ಯಾಟು ಸವೆದು ತೂತುಬಿದ್ದು ಕಾರಿನ ತಗಡು ಕಾಣುತ್ತಿತ್ತು.